ಸೊಸೆಯ ಎಡತೋಳು

ಮೂವತ್ತು ವರ್ಷದಿಂದ ಟ್ಸೋಲೋ ಬೆಟ್ಟದ ಹಳ್ಳಿಗಳಲ್ಲಿ ಸೂಜಿ ಚುಚ್ಚುತ್ತಿರುವ ನರ್ಸ್ ನಾನು. ಮಕ್ಕಳು ಓಡಿಹೋಗುವುದನ್ನು ನೋಡಿದ್ದೇನೆ, ದೊಡ್ಡ ಮೀಸೆಯ ಗಂಡಸರು ತಲೆಸುತ್ತಿ ಬೀಳುವುದನ್ನೂ ನೋಡಿದ್ದೇನೆ. ಅರವತ್ತೆಂಟರ ನೊಸಖೇಲೆ ಮಾತ್ರ ನನ್ನ ತಾಳ್ಮೆಯನ್ನೇ ನುಂಗಿ ನೀರು ಕುಡಿದಳು.

ಆಕೆಗೆ ಸಕ್ಕರೆ ಕಾಯಿಲೆ, ಜೊತೆಗೆ ಉಬ್ಬಸ. ಹೋದ ಚಳಿಗಾಲ ಲಸಿಕೆ ತಪ್ಪಿಸಿಕೊಂಡು, ಫ್ಲೂ ಹತ್ತಿ, ದೊಡ್ಡಾಸ್ಪತ್ರೆಯಲ್ಲಿ ಹದಿನೆಂಟು ದಿನ ಆಕ್ಸಿಜನ್ ಮೇಲಿದ್ದಳು. ಇನ್ನೊಮ್ಮೆ ಹಾಗಾದರೆ ಆ ಎದೆ ತಡೆಯುವುದಿಲ್ಲ ಅಂತ ನನಗೂ ಗೊತ್ತು, ಆಕೆಗೂ ಗೊತ್ತು. ಅದಕ್ಕೇ ಮೇ ತಿಂಗಳ ಆ ಬೆಳಿಗ್ಗೆ ನಮ್ಮ ಲಸಿಕೆ ವ್ಯಾನಿಗಿಂತ ಮೊದಲೇ ಬಂದು ಕೂತಿದ್ದಳು. ವ್ಯಾನು ಮತ್ತೆ ಬರುವುದು ತಿಂಗಳ ಮೇಲೆ. ನಮ್ಮ ಕಡೆ ಜೂನ್ ಅಂದರೆ ಚಳಿಗಾಲ; ಅಷ್ಟರಲ್ಲಿ ಚಳಿ, ಕೆಮ್ಮು ಎಲ್ಲ ಊರೊಳಗೆ ಬಂದಿರುತ್ತವೆ.

ಆದರೆ ಪಕ್ಕದ ಬೆಂಚಿನಲ್ಲಿ ಆಕೆಯ ಮಾವ ಇದ್ದರು. ತೊಂಬತ್ತೊಂದರ ರಾಡೆಬೆ ತಾತ, ಹೃದಯದ ಕಾಯಿಲೆಯವರು, ಆಗಲೇ ಚುಚ್ಚಿಸಿಕೊಂಡು ಬೊಚ್ಚುಬಾಯಲ್ಲಿ ನಗುತ್ತಿದ್ದರು. ನಮ್ಮಲ್ಲಿ ಸೊಸೆ ಮಾವನ ಮುಂದೆ ಭುಜ ತೋರಿಸುವ ಹಾಗಿಲ್ಲ. ಆ ಮಾತನ್ನು ಅವರೆದುರು ಎತ್ತುವ ಹಾಗೂ ಇಲ್ಲ.

"ಶಾಲು ತೆಗೀರಿ ಅಮ್ಮಾ," ಅಂದೆ. ಆಕೆ ಪಿನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

"ಹೆದರ್ಕೋಬೇಡ ಮಗಳೇ! ಇರುವೆ ಕಚ್ಚಿದಂಗೆ, ಅಷ್ಟೇ!" ತಾತ ಕೋಲೂರಿಕೊಂಡು ಹತ್ತಿರ ಬಂದರು.

ಆಕೆಯನ್ನು ವ್ಯಾನಿನ ಹಿಂದಕ್ಕೆ ಕರೆದೊಯ್ದೆ. ಧೈರ್ಯ ಹೇಳಲು ತಾತ ಅಲ್ಲಿಗೂ ಬಂದರು. ಆಕೆ ವ್ಯಾನಿನ ಮುಂದಕ್ಕೆ ಓಡಿದಳು, ಹಿಂದೆ ತಾತ, ಅವರ ಹಿಂದೆ ಲಸಿಕೆ ಡಬ್ಬಿ ಹಿಡಿದ ನಾನು. ಎರಡು ಸುತ್ತು! ಸಾಲಿನಲ್ಲಿದ್ದ ಮುದುಕಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಓಡೇ ನೊಸಖೇಲೆ! ವಯಸ್ಸಲ್ಲೂ ಹಿಂಗೆ ಓಡಿರ್ಲಿಲ್ಲ ನೀನು!"

"ತಾತ, ಕೂತ್ಕೊಳ್ಳಿ!" ಕಿರುಚಿದೆ.

"ಯಾಕೆ?"

"ಸುಮ್ನೆ!"

"ಸುಮ್ನೆ ಯಾರಾದ್ರೂ ಕೂತ್ಕೋತಾರಾ?"

ಮೂರನೇ ಸುತ್ತಿಗೆ ನೊಸಖೇಲೆ ಉಸಿರು ಕಟ್ಟಿ ವ್ಯಾನಿಗೆ ಒರಗಿದಳು. ಎದೆ ಸುಯ್ಯೆನ್ನುತ್ತಿತ್ತು. ಎಲ್ಲರ ನಗು ನಿಂತಿತು. ನನಗೂ ಭಯವಾಯಿತು. ಉಬ್ಬಸದ ಪಂಪು ಕೊಟ್ಟು ಕಾದೆ. ಅಷ್ಟಾದರೂ ಪಿನ್ನು ಬಿಡದ ಆಕೆಯ ಬೆರಳುಗಳು ಆಗ ತಾತನ ಕಣ್ಣಿಗೆ ಬಿದ್ದವು.

"ಥೂ, ನಾನೆಂಥಾ ದಡ್ಡ!" ಹೆಗಲ ಕಂಬಳಿ ಎಳೆದು, ತಲೆಯಿಂದ ಪಾದದವರೆಗೆ ಹೊದ್ದು, ನೆಲದಲ್ಲೇ ಕೂತುಬಿಟ್ಟರು. "ಚುಚ್ಚಮ್ಮಾ ಸಿಸ್ಟರ್! ನಾನಿಲ್ಲಿಲ್ಲ!"

ನೊಸಖೇಲೆ ಇನ್ನೂ ಹಿಂಜರಿದಳು. ಕಂಬಳಿಯೊಳಗಿಂದ ದನಿ ಬಂತು, ಈ ಸಲ ಮೆತ್ತಗೆ. "ನಲವತ್ತಾರು ವರ್ಷ ನಂಗೆ ಮರ್ಯಾದೆ ಕೊಟ್ಟಿದ್ದೀಯ ತಾಯಿ. ಕೊಡೋಕೆ ನೀನೇ ಇಲ್ದಿದ್ರೆ ಆ ಮರ್ಯಾದೆ ತಗೊಂಡು ನಾನೇನ್ ಮಾಡ್ಲಿ?"

ಆಕೆ ಪಿನ್ನು ಬಿಚ್ಚಿದಳು. ಆಕೆಯ ಅಳು-ನಗುವಿಗೆ ಆ ಎಡತೋಳು ಎಷ್ಟು ಕುಣಿಯಿತೆಂದರೆ, ನಾನು ಚುಚ್ಚುವವರೆಗೆ ಇಬ್ಬರು ಮುದುಕಿಯರು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು.