ಕೊನೆಯ ಕೊರೆತ

ಹೊಳೆ ದಾಟಿಸುವ ದೋಣಿಯ ಹಳೆಯ ಡೀಸೆಲ್ ಎಂಜಿನ್ನು ಕಪ್ಪು ಹೊಗೆ ಕಾರಿ ಕಾರಿ, ಕೊನೆಗೆ ಮುಷ್ಕರವನ್ನೇ ಹೂಡಿತು. ದೋಣಿಯ ಒಡತಿ ಅದನ್ನು ಬಿಚ್ಚಿಸಿ, ಮೆಕ್ಯಾನಿಕ್ ಮೈದುನನ ಜೊತೆ ವ್ಯಾನಿನಲ್ಲಿ ಹೇರಿಕೊಂಡು ಲೇತ್ ಅಂಗಡಿಗೆ ಬಂದಳು. ಮಗಳು ಈಗಷ್ಟೇ ಚುಕ್ಕಾಣಿ ಹಿಡಿಯಲು ಕಲಿತಿದ್ದಳು. ತನ್ನ ಕೈ ಸೋತ ಮೇಲೂ ಈ ಎಂಜಿನ್ನು ಅವಳ ಕೈಯಲ್ಲಿ ಓಡಬೇಕು. ತಾಯಿಗೆ ಬೇಕಾಗಿದ್ದು ಅಷ್ಟೇ.

ಅಂಗಡಿಯ ಯಜಮಾನನಿಗೆ ಊರು ಇಟ್ಟ ಹೆಸರು ಕೂದಲೆಳೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮತ್ತೆ ಮೊದಲಿನಿಂದ ಶುರು ಮಾಡುವ ಆಸಾಮಿ. ಸ್ವಂತ ತಲೆಯ ಮೇಲೆ ಮಾತ್ರ ಒಂದೆಳೆಯೂ ಇರಲಿಲ್ಲ.

"ಸಿಲಿಂಡರ್ ಒಳಗೋಡೆ ಕೊರೆದು ಸಮ ಮಾಡಿಬಿಡಿ," ಎಂದ ಮೈದುನ. "ನಾನೇ ಅಳೆದಿದ್ದೀನಿ. ಸವೆತ ಮಿತಿ ದಾಟಿದೆ."

ಕೂದಲೆಳೆ ಸಿಲಿಂಡರಿನ ಒಳಗೋಡೆಯನ್ನು ಮಗುವಿನ ಕೆನ್ನೆಯಂತೆ ಸವರಿದ. "ಹಿಂದೆ ಕೊರೆದಿದ್ದಾರಲ್ಲ ತಾಯಿ. ಇನ್ನು ಒಂದು ಸಲಕ್ಕಾಗುವಷ್ಟೇ ಗೋಡೆ ಉಳಿದಿರೋದು. ಅದೂ ಸವೆದರೆ ಗುಜರಿಗೇ."

ಅವಳು ಎಂಜಿನ್ನಿನತ್ತ ನೋಡಿದಳು. ಮಗಳ ಪಾಲಿನ ಆ ಕೊನೆಯ ಕೊರೆತವನ್ನು ಇವತ್ತೇ ಖರ್ಚು ಮಾಡಿದ ಹಾಗಾಗುತ್ತದಲ್ಲ!

"ಯಾವಾಗ ಅಳೆದ್ರಿ, ತಮ್ಮಾ?" ಕೂದಲೆಳೆ ಮೈದುನನನ್ನು ಕೇಳಿದ.

"ಬೆಳಿಗ್ಗೆ. ಕುದಿಯೋ ನೀರಲ್ಲಿ ಜಿಡ್ಡೆಲ್ಲ ತೊಳೆದು, ಒರೆಸಿದ ಕೂಡಲೇ."

ಕೂದಲೆಳೆ ಸಿಲಿಂಡರಿರುವ ಆ ಕಬ್ಬಿಣದ ಬ್ಲಾಕಿನ ಮೇಲೆ ಅಂಗೈಯಿಟ್ಟು ನೋಡಿದ. ಅದಿನ್ನೂ ಬೆಚ್ಚಗಿತ್ತು.

"ಇವತ್ತು ಬೇಡ. ಇಲ್ಲೇ ನೆರಳಲ್ಲಿ ಮಲಗಿರ್ಲಿ. ಅಳೆಯೋ ಗೇಜೂ ಪಕ್ಕದಲ್ಲೇ ಇರ್ಲಿ. ನಾಳೆ ಬನ್ನಿ."

"ಎಂಜಿನ್ನಿಗೂ ನಿದ್ದೆ ಬೇಕಾ?" ಮೈದುನ ಕಿಚಾಯಿಸಿದ.

"ನಮ್ಮ ವಯಸ್ಸಿನವರಿಗೆಲ್ಲ ಬೇಕು ಕಣಪ್ಪಾ."

"ದಡದಲ್ಲಿ ಜನ ಕಾಯ್ತಿದ್ದಾರೆ, ಅತ್ತಿಗೆ. ಕೊರೆಸಿಬಿಡೋಣ."

"ಕಾಯ್ಲಿ ಬಿಡು," ಎಂದಳು ಅವಳು. "ಕೊರೆದದ್ದನ್ನ ಮತ್ತೆ ಅಂಟಿಸೋಕಾಗುತ್ತಾ?"

ಮರುದಿನ ಕೂದಲೆಳೆ ಗೇಜನ್ನು ತಾನು ಮುಟ್ಟಲೇ ಇಲ್ಲ. ಮೈದುನನ ಕೈಗಿತ್ತ. "ನನ್ನ ಕಣ್ಣು ಯಾಕೋ ಮಂಜು ಮಂಜು. ನೀವೇ ನೋಡಿ ಹೇಳಿ."

ಮೈದುನ ಅಳೆದ. ಗೇಜು ತಿರುಗಿಸಿ ಮತ್ತೊಮ್ಮೆ ಅಳೆದ. ಅವನ ಕಿವಿ ಕೆಂಪಾಯಿತು.

"ಮಿತಿಯೊಳಗೇ ಇದೆ, ಅತ್ತಿಗೆ. ನಿನ್ನೆ ಬ್ಲಾಕು ಬಿಸಿಯಿತ್ತು. ಹಿಗ್ಗಿದ ಕಬ್ಬಿಣವನ್ನ ಸವೆದ ಕಬ್ಬಿಣ ಅಂದ್ಕೊಂಡೆ."

"ಒಳ್ಳೇ ಹೊತ್ತಿಗೆ ಹಿಡಿದ್ರಿ," ಎಂದ ಕೂದಲೆಳೆ, ಅದೇ ಮೊದಲು ಕೇಳಿದವನಂತೆ. "ಹಾಗಾದ್ರೆ ಒಳಗೋಡೆ ನವಿರಾಗಿ ಉಜ್ಜಿ, ಪಿಸ್ಟನ್ನಿಗೆ ಹೊಸ ರಿಂಗು ಹಾಕಿದ್ರೆ ಸಾಕು. ವಾಲ್ವು ಕೂರೋ ಜಾಗ ಸರಿ ಮಾಡ್ಕೊಡ್ತೀನಿ. ಅರ್ಧ ಹೊಗೆ ಅಲ್ಲಿಂದಲೇ ಬರ್ತಿರೋದು."

ಅವಳು ಹೊರಡಲು ಎದ್ದಳು. ಅಂಗಡಿಯ ಆ ಮೂಲೆಯಿಂದ ಕೂದಲೆಳೆ ಕೂಗಿದ: "ತಾಯಿ, ಎಡತೋಳಿಗೆ ಕಬ್ಬಿಣದ ಸಿಬಿರು ಅಂಟಿದೆ, ಚುಚ್ಚೀತು!"

ನೋಡಿದಳು. ಸೂಜಿಯ ಮೊನೆಗಿಂತ ಸಣ್ಣದು. ಮಂಜುಗಣ್ಣಿನವನಿಗೆ ಅಷ್ಟು ದೂರದಿಂದ ಕಂಡಿತ್ತು! ಅವಳು ತಲೆಯೆತ್ತಿದಳು, ಅವನು ಅವಸರದಿಂದ ಬೆನ್ನು ತಿರುಗಿಸಿ ವಾಲ್ವು ಹುಡುಕತೊಡಗಿದ. ಇಂಥ ಸುಳ್ಳಿಗೆ ಕೈಮುಗಿಯಬೇಕು ಅನ್ನಿಸಿತು ಅವಳಿಗೆ. ಬಾಯಲ್ಲಿ ಮಾತ್ರ, "ಕಣ್ಣು ಜೋಪಾನ, ಯಜಮಾನ್ರೇ," ಎಂದಳಷ್ಟೇ.

ಮೈದುನ ಖಾಲಿ ವ್ಯಾನಿನ ಬಾಗಿಲು ತೆರೆದ. "ಆ ಕೊನೇ ಕೊರೆತ ನಿಮ್ಮ ಮಗಳಿಗೇ ಉಳೀತು, ಅತ್ತಿಗೆ. ಬ್ಲಾಕು ಆರೋ ತನಕ ಗೇಜು ಮುಟ್ಟಬೇಡ ಅಂತ ನಾನೇ ಅವಳಿಗೆ ಹೇಳ್ಕೊಡ್ತೀನಿ."