ಕರೆದರೆ ಬರಬಾರದ ನಾಯಿ

ಕಲ್ಮಾಂಬೆತ್ ಭಾವ ಕಣಿವೆಯ ಆಚೆಯಿಂದ ಬಂದವನು ಕುದುರೆಯಿಂದ ಇಳಿಯುವ ಮೊದಲೇ ತಕರಾರು ತೆಗೆದ.

"ನಿಮ್ಮದು ಒಲೆ ಕಂಡ ನಾಯಿ. ಒಲೆ ಕಂಡ ನಾಯಿ ಕುರಿ ಕಾಯಲ್ಲ, ಮನುಷ್ಯರ ಹಿಂದೆ ಸುತ್ತುತ್ತೆ. ಇಂಥದ್ದಕ್ಕೆ ನನ್ನ ಗಂಡು ಬಿಡಲ್ಲ."

ಹಳೆಯ ತಳಿಯ ಗಂಡು ನಾಯಿ ಉಳಿದಿದ್ದದ್ದು ಅವನೊಬ್ಬನ ಹತ್ತಿರ. ಹೆಣ್ಣು ಉಳಿದಿದ್ದದ್ದು ನಮ್ಮ ಹತ್ತಿರ, ಮೊಯ್ನೋಕ್. ಬೇರೆಯವರೆಲ್ಲ ಪಟ್ಟಣದಿಂದ ಕರುವಿನ ಗಾತ್ರದ ನಾಯಿಗಳನ್ನು ತಂದುಕೊಂಡಿದ್ದರು. ಪ್ರದರ್ಶನದಲ್ಲಿ ಪದಕ ಗೆದ್ದ ಮನೆತನವಂತೆ. ಹೋದ ಚಳಿಗಾಲ ತೋಳ ಬಂದಾಗ ಅಂಥದ್ದೊಂದು ಪದಕದ ನಾಯಿ ಪಕ್ಕದವರ ಗುಡಾರಕ್ಕೆ ನುಗ್ಗಿ ಮುದುಕಿಯ ಹಾಸಿಗೆಯಲ್ಲಿ ಅಡಗಿತ್ತು.

ಮೊಯ್ನೋಕ್ ಒಲೆ ಕಂಡದ್ದು ನಿಜ. ಅದು ಹುಟ್ಟಿದಾಗ ಹಿಮಗಾಳಿ ಬೀಸುತ್ತಿತ್ತು. ಜೊತೆಯ ಮರಿಗಳೆಲ್ಲ ಸೆಟೆದು ಸತ್ತವು. ಉಳಿದ ಒಂದನ್ನು ಎದೆಗೆ ಅವಚಿಕೊಂಡು ಒಳಗೆ ತಂದವಳು ನಾನೇ. ಇವತ್ತಿಗೂ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಸತ್ತ ಮರಿ ಯಾವ ಕುರಿ ಕಾಯುತ್ತದೆ?

"ಕರೆದು ನೋಡೋಣ," ಎಂದರು ನನ್ನ ಗಂಡ.

ನಮ್ಮ ಕುರುಬರ ಪರೀಕ್ಷೆ ಅದು. ಒಡೆಯ ಮರೆಯಾಗಬೇಕು. ನಾಯಿ ಯಾರನ್ನು ಹೆಚ್ಚು ಹಚ್ಚಿಕೊಂಡಿದೆಯೋ ಅವರು ದೂರ ಹೋಗಿ ಹೆಸರು ಹಿಡಿದು ಕರೆಯಬೇಕು. ಮಂದೆ ಬಿಟ್ಟು ಬಂದ ನಾಯಿಯಿಂದ ಮರಿ ಹಾಕಿಸುವುದಿಲ್ಲ. ಮಾವನವರ ಕಾಲದಲ್ಲಿ ಅಂಥದ್ದಕ್ಕೆ ಗುಂಡು ಹೊಡೆಯುತ್ತಿದ್ದರು. ಈಗ ಪಟ್ಟಣದವರಿಗೆ ಕೊಡುತ್ತೇವೆ, ಅವರು ಸರಪಳಿ ಹಾಕುತ್ತಾರೆ.

ನಾನು ಗಂಡನ ತೋಳು ಹಿಡಿದೆ. "ಕುಬಾತನ ಅಪ್ಪ, ಇರೋದು ಇದೊಂದೇ. ಸೋತರೆ ವಂಶಾನೇ ಮುಗೀತು. ಈ ಸಲ ಪರೀಕ್ಷೆ ಬೇಡ."

"ಸೋಲೋ ನಾಯಿಯ ವಂಶ ಉಳಿಸಿ ಏನು ಮಾಡ್ತೀ? ಬರೀ ಬಣ್ಣ ಉಳಿಯುತ್ತೆ," ಎಂದರು. ಮುಖ ಮಾತ್ರ ಬಿಳಿಚಿಕೊಂಡಿತ್ತು. ಆ ತಳಿ ಅವರ ಮುತ್ತಜ್ಜನಿಂದ ಬಂದದ್ದು.

ಭಾವ ನನ್ನ ಕಡೆ ತಿರುಗಿದ. "ಕರೆಯೋದು ನೀನೇ ಉಮ್ಸುನ್. ಬಾಯಲ್ಲಿ ಬಾ ಅಂತ, ಮನಸ್ಸಲ್ಲಿ ಬರಬೇಡ ಅಂದ್ರೆ ನಾಯಿಗೆ ಗೊತ್ತಾಗುತ್ತೆ. ನನಗೂ ಗೊತ್ತಾಗುತ್ತೆ."

"ನಾಯಿಗೆ ಗೊತ್ತಾದೀತು ಭಾವ. ನಿಮ್ಮದು ಅನುಮಾನ."

ಬಾಯಿ ಹಾಗೆ ಆಡಿತು. ನನ್ನ ಲೆಕ್ಕಾಚಾರವೂ ಅವನು ಹೇಳಿದ್ದೇ ಆಗಿತ್ತು. ಸಪ್ಪೆಯಾಗಿ ಎರಡು ಸಲ ಕೂಗಿ ಕೈತೊಳೆದುಕೊಳ್ಳೋಣ ಎಂದುಕೊಂಡಿದ್ದೆ.

ಗಂಡಸರಿಬ್ಬರೂ ಮಂದೆಯ ಮೇಲಿನ ಬಂಡೆಯ ಹಿಂದೆ ಕುಳಿತರು. ಅಲ್ಲಿಂದ ಮಂದೆ ಕಾಣುತ್ತದೆ, ಕೆಳಗಿನ ಹೊಳೆ ಕಾಣುವುದಿಲ್ಲ. ನಾನು ಹೊಳೆ ದಾಟಿ ಆಚೆ ದಂಡೆಯಿಂದ ಕರೆಯಬೇಕಿತ್ತು. ಬೆಳಿಗ್ಗೆಯಾದರೆ ಅದು ಪಾದ ಮುಳುಗುವಷ್ಟೇ ನೀರು. ನಮ್ಮ ಜಗಳದಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ, ಬೆಟ್ಟದ ಮೇಲೆ ಮಂಜುಗಡ್ಡೆ ಕರಗತೊಡಗಿತ್ತು.

ನಡುಹೊಳೆಯಲ್ಲಿ ಕಾಲ ಕೆಳಗಿನ ಕಲ್ಲು ಉರುಳಿತು. ಬಲಗಾಲು ಎರಡು ಬಂಡೆಗಳ ನಡುವೆ ಮೀನಖಂಡದವರೆಗೆ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಬಗ್ಗಿ ಬಂಡೆ ನೂಕಿದೆ, ಅಲುಗಲಿಲ್ಲ. ನೀರು ಮೊಣಕಾಲಿಗೆ ಬಂತು, ನೋಡುತ್ತಿದ್ದಂತೆ ತೊಡೆಗೆ ಬಂತು. ಹಿಮದ ನೀರು ಏರತೊಡಗಿದರೆ ಸಂಜೆಯವರೆಗೆ ಇಳಿಯುವುದಿಲ್ಲ.

"ಮೊಯ್ನೋಕ್, ಬಾರೇ! ಬಾ ಮಗಳೇ!"

ದಿಬ್ಬದ ಮೇಲೆ ಮಂದೆಯ ನಡುವಿನಿಂದ ನಾಯಿಯ ಬಿಳಿ ಕತ್ತು ಎದ್ದಿತು. ನನ್ನನ್ನು ನೋಡಿದ್ದೇ ಓಡಿ ಬಂತು, ಕಟ್ಟಕಡೆಯ ಕುರಿಯವರೆಗೆ ಬಂದು ನಿಂತುಬಿಟ್ಟಿತು. ಮುಂದಿನ ಕಾಲು ಎತ್ತಿತು, ಇಳಿಸಿತು. ಹಿಂತಿರುಗಿ ಕುರಿಮರಿಗಳ ಕಡೆ ನೋಡಿತು, ಮತ್ತೆ ನನ್ನ ಕಡೆ ನೋಡಿತು. ಕುಂಯ್‌ಗುಟ್ಟುತ್ತ ಅಲ್ಲಲ್ಲೇ ಸುತ್ತಿತು. ಇಳಿಯಲಿಲ್ಲ.

ನಾನು ಅಳುತ್ತ ಕರೆದೆ. ಒಲೆಯ ಪಕ್ಕ ಹಾಲು ಕುಡಿಸುವಾಗ ಕರೆಯುತ್ತಿದ್ದ ಮುದ್ದಿನ ಮಾತುಗಳನ್ನೆಲ್ಲ ಕೂಗಿದೆ. ವಂಶ ನೆನಪಿರಲಿಲ್ಲ, ಪರೀಕ್ಷೆ ನೆನಪಿರಲಿಲ್ಲ. ಅದು ಬಂದಿದ್ದರೆ ಕುತ್ತಿಗೆ ತಬ್ಬಿ, ಅದರ ಬಲದಿಂದ ಕಾಲು ಕಿತ್ತುಕೊಳ್ಳುತ್ತಿದ್ದೆನೇನೋ. ಅದು ಮುಖ ಮೇಲೆತ್ತಿ ಊಳಿಟ್ಟಿತು, ಕಡೆಯ ಕುರಿಯನ್ನು ಮಾತ್ರ ದಾಟಲಿಲ್ಲ. ಹಾಳಾಗಿ ಹೋಗು ಎಂದು ಶಪಿಸಿದೆ.

ಬಂಡೆಯ ಹಿಂದೆ ಭಾವ, "ಪರವಾಗಿಲ್ಲ, ಚೆನ್ನಾಗೇ ಕರೀತಾಳೆ," ಎನ್ನುತ್ತಿದ್ದನಂತೆ.

"ಕುಬಾತನ ಅಪ್ಪ!" ಎಂದು ಕೂಗಿದೆ. ಅದೂ ನಾಯಿಯನ್ನು ಮರುಳು ಮಾಡುವ ಉಪಾಯವೆಂದುಕೊಂಡರಂತೆ. ನೀರು ಸೊಂಟಕ್ಕೆ ಬಂತು. ಇನ್ನೊಂದು ಕಾಲೂ ಜಾರತೊಡಗಿತು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮೂರು ಮಕ್ಕಳನ್ನು ಹೆರುವಾಗಲೂ ಹೇಳಿರಲಿಲ್ಲ.

"ಜಪಾರ್!" ಎಂದು ಕಿರುಚಿದೆ. "ಜಪಾರ್! ಜಪಾರ್!"

ಅವರು ಬಂಡೆಯಿಂದ ಇಳಿದದ್ದಲ್ಲ, ಬಿದ್ದದ್ದು. ನೀರಿಗೆ ಹಾರಿ ನನ್ನ ಕಂಕುಳಿಗೆ ಕೈ ಕೊಟ್ಟರು. ಭಾವ ನನ್ನ ಕಾಲು ಹಿಡಿದಿದ್ದ ಬಂಡೆಗೆ ಹಗ್ಗ ಬಿಗಿದು ಕುದುರೆಯಿಂದ ಎಳೆಸಿದ. ಕಾಲು ಬಂತು, ಬೂಟು ಹೊಳೆಯ ಪಾಲಾಯಿತು.

ದಂಡೆಯಲ್ಲಿ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಗಂಡ ತಮ್ಮ ನಿಲುವಂಗಿ ಬಿಚ್ಚಿ ನನಗೆ ಸುತ್ತಿದರು.

"ಇವತ್ತಿನದು ಲೆಕ್ಕಕ್ಕಿಲ್ಲ," ಎಂದ ಭಾವ, ಹಗ್ಗ ಸುತ್ತುತ್ತ. "ಗಾಬರಿಯಲ್ಲಿ ಕರೆದದ್ದು ಕರೆಯೇ ಅಲ್ಲ. ನೀನು ಚೇತರಿಸಿಕೋ, ಇನ್ನೊಂದು ದಿನ ಸರಿಯಾಗಿ ಕರೆದರಾಯ್ತು."

"ಭಾವ, ಅದಕ್ಕಿಂತ ಚೆನ್ನಾಗಿ ಕರೆಯೋಕೆ ನನಗೆ ಬರಲ್ಲ."

ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಿದ. ಗಂಡ ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದರು. ಹೆಂಡತಿ ಮುಳುಗುತ್ತಿದ್ದಾಗ ನಾಯಿ ಬರಲಿಲ್ಲವೆಂದು ಅವರು ಸಂತೋಷ ಪಡುವುದಾದರೂ ಹೇಗೆ?

ಮೇಲೆ ನೋಡಿದೆ. ಮೊಯ್ನೋಕ್ ಇನ್ನೂ ಕಡೆಯ ಕುರಿಯ ಪಕ್ಕದಲ್ಲೇ ನಿಂತು ನಮ್ಮನ್ನೇ ನೋಡುತ್ತಿತ್ತು. ನನಗೆ ಕಡುಕೋಪ ಬಂತು. ಅದರ ಜೊತೆಗೇ ಎದೆ ಉಬ್ಬಿ ಬಂತು. ಯಾವುದನ್ನು ಮೊದಲು ನುಂಗಲಿ ಎಂದು ತಿಳಿಯದೆ ಬಿಕ್ಕಿ ಬಿಕ್ಕಿ ಅತ್ತೆ.

"ಸಾಯ್ತಾ ಕರೆದರೂ ಬರಲಿಲ್ಲ, ಹಾಳಾದ್ದು," ಎಂದೆ. "ಇನ್ನೇನು ಬೇಕು ನಿಮಗೆ? ಹೋಗಿ ನಿಮ್ಮ ಗಂಡು ನಾಯಿ ಕರ್ಕೊಂಡು ಬನ್ನಿ."

ಭಾವ ನಾಯಿ ತರಲು ಕುದುರೆ ಹತ್ತಿದ.