ದಾರಿಯಲ್ಲಿದ್ದಾಳೆ

ಬಿಲ್ಲೆ ಅಲುಗಾಡಿತು — ಇಲ್ಲ, ಅಲುಗಾಡಿದ್ದು ಬಿಲ್ಲೆಯಲ್ಲ, ಬೆಂಚು, ಕಾರ್ಮಿಕ ಕಚೇರಿಯ ಪಡಸಾಲೆಯ ಈ ಬೆಂಚಿಗೆ ಒಂದು ಕಾಲು ಗಿಡ್ಡ, ಪಕ್ಕದಲ್ಲಿ ಕೂತ ಮುದುಕ ಕೆಮ್ಮಿದಾಗಲೆಲ್ಲ ಅವಳ ಅಂಗೈಯಲ್ಲಿ ಇಡೀ ಊರು ನಡುಗುತ್ತದೆ, ಊರೆಂದರೆ ಫೋನಿನ ಪರದೆ ತುಂಬ ಬೂದು ಗೆರೆಗಳು, ನಡುವೆ ಹಸಿರು ತೇಪೆಯ ಹಾಗೆ ಒಂದು ಉದ್ಯಾನ, ನೀಲಿ ಚುಕ್ಕೆಯೆಂದರೆ ಅವಳು, ಮತ್ತೆ ಮೂರು ಪುಟ್ಟ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಮುಖ, ಲಾಂಡ್ರಿಯಲ್ಲಿ ಜೊತೆಗೆ ದುಡಿಯುವವರು, ರೇಡಿಯೊ ಅಂತ ಎಲ್ಲರೂ ಕರೆಯುವವಳು, ದೊಡ್ಡಮ್ಮ, ತಂಗಿ, ಮೂವರೂ ಹೊರಟಿದ್ದಾರೆ, ಬರುತ್ತಾರೆ, ಬರಲೇಬೇಕು. ಈ ಉಪಾಯ ಅವಳದೇ. ನಿನ್ನೆ ಲಾಂಡ್ರಿಯ ಹಿಂಬದಿಯ ನಲ್ಲಿಯ ಹತ್ತಿರ ನಿಲ್ಲಿಸಿಕೊಂಡು ಮೂವರಿಗೂ ಪಾಠ ಹೇಳಿದ್ದು ಅವಳೇ, ನೋಡ್ರೇ, ಮನೆ ಬಿಡುವಾಗ ಇಲ್ಲಿ ಒತ್ತಿ, ಆಮೇಲೆ ಇಲ್ಲಿ, ಲೈವ್ ಲೊಕೇಶನ್ ಅಂತ ಬರುತ್ತೆ, ಹೊಸ ಆಫೀಸು, ಯಾರೂ ದಾರಿ ತಪ್ಪಬಾರದು, ಯಾರು ಎಲ್ಲಿದ್ದಾರೆ ಅಂತ ಎಲ್ಲರಿಗೂ ಕಾಣ್ತಿರುತ್ತೆ — ನಾನು ಬಾತ್‌ರೂಮಿಗೆ ಹೋದ್ರೂ ಕಾಣುತ್ತೇನಕ್ಕ, ಅಂದವಳು ರೇಡಿಯೊ, ಬಾಯಿ ಮುಚ್ಚಿದ್ದೇ ಗೊತ್ತಿಲ್ಲದವಳು, ಎಲ್ಲರೂ ಬಿದ್ದು ಬಿದ್ದು ನಕ್ಕರು, ದೊಡ್ಡಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು, ವಯಸ್ಸಾದವಳು, ಅವಳ ಫೋನಿಗೂ ವಯಸ್ಸಾಗಿದೆ, ನಾಲ್ಕು ಸಲ ತೋರಿಸಬೇಕಾಯಿತು. ಎಷ್ಟು ಹೊತ್ತು ಹಂಚಬೇಕು ಅಂತ ಅದೇ ಕೇಳುತ್ತದೆ, ಕಾಲು ಗಂಟೆಯೋ, ಒಂದು ಗಂಟೆಯೋ, ಎಂಟು ಗಂಟೆಯೋ. ತಂಗಿ ಇವತ್ತು ಬೆಳಿಗ್ಗೆ ಎಂಟು ಗಂಟೆ ಒತ್ತಿ ಫೋನು ಮಾಡಿ ಹೇಳಿದ್ದಳು, ಸಂಜೆವರೆಗೂ ನಿನ್ನ ಕಣ್ಣಳತೆಯಲ್ಲೇ ಇರ್ತೀನಿ ಅಕ್ಕ, ಸಾಕಾ. ಸಾಕು ಕಣೇ, ಅಂದಿದ್ದಳು ಅವಳು, ಎದೆ ತುಂಬಿ ಬಂದಿತ್ತು, ಎಂಥ ಪೆದ್ದಿ.

ಪೆದ್ದಿ ಅಂತ ಈಗಲೇ ಯಾಕೆ ಅನ್ನಬೇಕು, ಇನ್ನೂ ಏನೂ ಆಗಿಲ್ಲ, ಬಸ್ಸು ನಿಧಾನ, ಅಷ್ಟೇ. ಬಾಗಿಲಲ್ಲಿ ನಿಂತ ಜವಾನ ಆಗಲೇ ಒಂದು ಸಲ ಕೇಳಿ ಹೋಗಿದ್ದಾನೆ, ಲಾಂಡ್ರಿಯವರು ಎಲ್ಲ ಬಂದ್ರಾ, ಬರ್ತಿದಾರೆ ಸಾರ್, ಕೈ ಸುಟ್ಟಿರೋರು ಖುದ್ದಾಗಿ ಬರಬೇಕಮ್ಮ, ಆಫೀಸರ್ ಮೇಡಂ ಆ ಕೈ ನೋಡಬೇಕು, ಇಲ್ದಿದ್ರೆ ಅರ್ಜಿ ಇವತ್ತೇ ಮುಗಿದುಹೋಗುತ್ತೆ, ಗೊತ್ತು ಸಾರ್, ಗೊತ್ತು. ಕೈ. ತಂಗಿಯ ಬಲಗೈ. ಆಸ್ಪತ್ರೆಗಳ ಹಾಸು, ಲಾಡ್ಜುಗಳ ಹಾಸು, ಲಾರಿಗಟ್ಟಲೆ ಬಂದು ಬೀಳುತ್ತವೆ, ಒಗೆದ ಮೇಲೆ ಬಿಸಿ ರೋಲರಿಗೆ ಕೊಡಬೇಕು, ಅತ್ತ ಕಡೆ ಗರಿಗರಿಯಾಗಿ ಹೊರಬರುತ್ತದೆ, ರೋಲರಿನ ಬಾಯಿಗೆ ಒಂದು ಅಡ್ಡಸರಳು ಇತ್ತು, ಬೆರಳು ಒಳಗೆ ಹೋಗದ ಹಾಗೆ, ಅದು ಬಟ್ಟೆಯನ್ನು ತಡೆದು ಕೆಲಸ ನಿಧಾನ ಮಾಡುತ್ತದೆ ಅಂತ ಮ್ಯಾನೇಜರ್ ಅದನ್ನು ಬಿಚ್ಚಿಸಿ ಮೂಲೆಗೆ ಎಸೆಯಿಸಿದ, ಆಮೇಲೆ ಅದರ ಮೇಲೆ ಛತ್ರಿ ಒಣಹಾಕುತ್ತಿದ್ದ, ಆಮೇಲೆ ಒಂದು ಮಧ್ಯಾಹ್ನ ಹಾಸಿನ ಜೊತೆ ತಂಗಿಯ ಬೆರಳುಗಳೂ ಒಳಗೆ ಹೋದವು. ಆ ವಾಸನೆ. ಬಿಸಿ ಹತ್ತಿಯ ವಾಸನೆಯೊಳಗೆ ಇನ್ನೊಂದು ವಾಸನೆ, ಈಗಲೂ ಒಗೆದ ಬಟ್ಟೆ ಮೂಗಿಗೆ ಹಿಡಿದರೆ ಅದೇ ಬರುತ್ತದೆ. ಮ್ಯಾನೇಜರ್ ಹೇಳಿದ್ದೇನು, ಹುಡುಗಿ ಎಲ್ಲೋ ನೋಡ್ತಿದ್ಲು, ಅಜಾಗರೂಕತೆ, ನಾವೇನ್ಮಾಡೋಕಾಗುತ್ತೆ. ಅವಳಿಗೆ ಮೈ ಉರಿದುಹೋಯಿತು. ಎಲ್ಲೋ ನೋಡ್ತಿದ್ಲಂತೆ. ಮ್ಯಾನೇಜರನ ಮೇಲೆ ಅರ್ಜಿ ಬರೆಸಿದ್ದು ಅವಳು, ಮೊದಲ ಸಹಿ ಅವಳದು, ಕೆಳಗೆ ತಂಗಿಯದು, ಎಡಗೈಯಲ್ಲಿ ಹಾಕಿದ್ದು, ವಕ್ರವಕ್ರ, ಅದರ ಕೆಳಗೆ ರೇಡಿಯೊ, ದೊಡ್ಡಮ್ಮ. ನಾವು ನಾಲ್ಕು ಜನ ಒಂದೇ ಮಾತು ಹೇಳಿದ್ರೆ ಯಾರಪ್ಪಂದು ಏನು ನಡೆಯುತ್ತೆ, ಹಾಗಂತ ದೊಡ್ಡಮ್ಮನೇ ಹೇಳಿದ್ದಳಲ್ಲ. ಲಾಂಡ್ರಿಯಲ್ಲಿ ದಿನವಿಡೀ ಕಿವಿಗೆ ಬೀಳುವ ಮಾತು ಒಂದೇ, ಕೈ ಕೊಡೇ, ಕೈ ಕೊಡು, ದೊಡ್ಡ ಹಾಸನ್ನು ಒಬ್ಬಳೇ ಮಡಚಲಾಗುವುದಿಲ್ಲ, ಆ ತುದಿಯಲ್ಲಿ ಒಬ್ಬಳು ಈ ತುದಿಯಲ್ಲಿ ಒಬ್ಬಳು, ಝಾಡಿಸು, ಎಳೆ, ಮುಂದೆ ಬಾ, ಮೂಲೆಗೆ ಮೂಲೆ, ತಂಗಿ ಎದುರಿನಿಂದ ಎರಡೂ ಕೈ ಮೇಲೆತ್ತಿಕೊಂಡು ನಗುತ್ತ ಬರುತ್ತಿದ್ದಳು, ಬಟ್ಟೆಯ ಹಿಂದಿನಿಂದ ಮುಖ ಹತ್ತಿರ ಹತ್ತಿರ, ಅವಳನ್ನು ಆ ಕೆಲಸಕ್ಕೆ ಸೇರಿಸಿದ್ದೂ ಇವಳೇ.

ಈಗ ಬಿಲ್ಲೆಗಳು ಸೇತುವೆಯ ಹತ್ತಿರ. ಸೇತುವೆ ದಾಟಿದರೆ ಬಲಕ್ಕೆ ತಿರುಗಬೇಕು, ಬಲಕ್ಕೆ ತಿರುಗಿದರೆ ನ್ಯಾಯಾಲಯ, ಅಂಚೆ ಕಚೇರಿ, ಆಮೇಲೆ ಇದೇ ಬೀದಿ. ರೇಡಿಯೊ ಎಡಕ್ಕೆ ತಿರುಗಿದಳು. ಅಯ್ಯೋ ಇವಳಿಗೆ ಎಡ ಯಾವುದು ಬಲ ಯಾವುದು ಇನ್ನೂ ಗೊತ್ತಿಲ್ಲ, ಬಾಯಿ ಓಡಿದಷ್ಟು ತಲೆ ಓಡುವುದಿಲ್ಲ, ಫೋನು ಮಾಡಲೇ, ಬೇಡ, ಅವಳಿಗೇ ತಿಳಿಯುತ್ತದೆ. ದೊಡ್ಡಮ್ಮ ಎಡಕ್ಕೆ ತಿರುಗಿದಳು. ರಸ್ತೆ ಅಗೆದಿರಬಹುದು, ಬಸ್ಸು ಸುತ್ತಿಕೊಂಡು ಬರುತ್ತಿರಬಹುದು, ಈ ಊರಿನವರಿಗೆ ಅಗೆಯುವುದು ಬಿಟ್ಟರೆ ಬೇರೆ ಕಸುಬಿಲ್ಲ. ತಂಗಿಯ ಬಿಲ್ಲೆ ಸೇತುವೆಯ ಮೇಲೆ ನಿಂತಿತು. ನಿಂತೇ ಇತ್ತು. ಅವಳು ಎರಡು ಬೆರಳಿಂದ ಪರದೆ ಹಿಗ್ಗಿಸಿದಳು, ಬಿಲ್ಲೆ ಕಣ್ಣ ಹತ್ತಿರಕ್ಕೆ ಬಂತು, ತಂಗಿಯ ನಗು, ತಾರಸಿಯಲ್ಲಿ ಕೆನ್ನೆಗೆ ಕೆನ್ನೆ ಕೊಟ್ಟು ನಿಂತಾಗ ರೇಡಿಯೊ ತೆಗೆದ ಫೋಟೊ ಅದು, ಇಬ್ಬರದೂ, ಆದರೆ ಫೋನು ಅದನ್ನು ದುಂಡಗೆ ಕತ್ತರಿಸಿದೆ, ತಂಗಿಯ ಮುಖ ಪೂರ್ತಿ ಉಳಿದು ಇವಳದು ಒಂದು ಕಿವಿ ಮಾತ್ರ ಒಳಗೆ, ಕೆಂಪು ಹರಳಿನ ಓಲೆ, ಒಂದಿಷ್ಟು ಕೂದಲು. ನಿನ್ನ ಕಿವಿ ಬಿಟ್ಟು ನಾನೆಲ್ಲಿ ಹೋಗಲಿ ಅಕ್ಕ, ಅಂತ ನಕ್ಕಿದ್ದಳು ಅದನ್ನು ಹಾಕಿಕೊಂಡ ದಿನ. ಎಲ್ಲ ಗುಟ್ಟೂ ಆ ಕಿವಿಗೇ ಮೊದಲು, ಹುಡುಗ ಇಷ್ಟವಾದದ್ದು, ಮದುವೆಯಾಗಿ ಊರಿನ ಆ ತುದಿಗೆ ಹೋದಮೇಲೆ ಅತ್ತೆಯ ಗೊಣಗಾಟ, ಎಲ್ಲ. ಬಲಕ್ಕೆ ತಿರುಗು, ಅಂತ ಅವಳು ಮನಸ್ಸಿನಲ್ಲೇ ಹೇಳಿದಳು, ಪುಟ್ಟಿ, ಬಲಕ್ಕೆ. ಬಿಲ್ಲೆ ಹೊರಟಿತು. ಎಡಕ್ಕೆ.

ಎಡಕ್ಕೆ ಹೋದರೆ ಲಾಂಡ್ರಿ. ಬೇರೆ ಏನಿದೆ ಅಲ್ಲಿ, ಟೈರು ಗೋಡೌನು, ಮೋರಿ, ಲಾಂಡ್ರಿ, ನಾಯಿ ಕೂಡ ಕೆಲಸವಿಲ್ಲದೆ ಅತ್ತ ಹೋಗುವುದಿಲ್ಲ. ಗುಂಪಿನಲ್ಲಿ ಒಂದು ಸಂದೇಶ ಟಿಣ್ ಅಂತು, ರೇಡಿಯೊದ್ದು, ಓದುವಷ್ಟರಲ್ಲಿ ಮಾಯ, ಸಂದೇಶ ಅಳಿಸಲಾಗಿದೆ, ಆದರೆ ಅವಳ ಕಣ್ಣಿಗೆ ತುದಿ ಸಿಕ್ಕಿತು, ಅಕ್ಕಂಗೆ ಯಾರು ಹೇಳ್ತೀರ — ತಪ್ಪಿ ಇಲ್ಲಿಗೆ ಹಾಕಿದ್ದಾಳೆ, ಅಂದರೆ ಇನ್ನೊಂದು ಗುಂಪಿದೆ, ಅವಳಿಲ್ಲದ ಗುಂಪು, ಯಾವಾಗ ಮಾಡಿಕೊಂಡರು, ನಿನ್ನೆ ನಲ್ಲಿಯ ಹತ್ತಿರ ನಕ್ಕಾಗಲೇ ಇತ್ತೇ ಅದು. ಬಿಲ್ಲೆಗಳು ಒಂದರ ಮೇಲೊಂದು ಹೋಗಿ ಕೂತವು. ಒಗೆಯುವ ಕೋಣೆಯಲ್ಲಲ್ಲ, ರೋಲರಿನ ಹತ್ತಿರವೂ ಅಲ್ಲ, ಇನ್ನಷ್ಟು ಹಿಗ್ಗಿಸಿದರೆ ಗೇಟಿನ ಪಕ್ಕ, ಮ್ಯಾನೇಜರನ ಕೋಣೆ, ಗಾಜಿನ ಬಾಗಿಲು, ಒಳಗೆ ತಣ್ಣಗಿರುತ್ತದೆ, ಕುರ್ಚಿಗಳಿವೆ. ಕುರ್ಚಿ! ಮೊನ್ನೆ ತಂಗಿ ಕೇಳಿದ್ದಳಲ್ಲ, ಏನೋ ಸುಮ್ಮನೆ ಕೇಳಿದ ಹಾಗೆ, ಅಕ್ಕ, ಕೂತು ಮಾಡೋ ಕೆಲಸ ಅಂದ್ರೆ ಕೌಂಟರಿಂದು, ಬಟ್ಟೆ ಎಣಿಸಿ ಚೀಟಿ ಕೊಡೋದು, ಅದು ಒಂದು ಕೈಯಲ್ಲೂ ಆಗುತ್ತೆ ಅಲ್ವಾ. ಆಗುತ್ತೆ ಕಣೇ, ಯಾಕೆ. ಇಲ್ಲ, ಹಾಗೇ. ಹಾಗೇ ಅಂತೆ. ನೋಡಮ್ಮ, ನಿನ್ನ ಅಕ್ಕನ ಮಾತು ಕೇಳಿ ಹಾಳಾಗಬೇಡ, ಆಕೆ ಗಲಾಟೆಯೋಳು, ನಿನಗೆ ಒಂದು ದಾರಿ ಮಾಡ್ತೀನಿ, ಹೀಗೆಯೇ ಹೇಳಿರುತ್ತಾನೆ ಮ್ಯಾನೇಜರ್, ಅವನ ದನಿ ಅವಳಿಗೆ ಗೊತ್ತು, ಬೆಣ್ಣೆ ಹಚ್ಚಿದ ದನಿ, ಮತ್ತೆ ಉಳಿದಿಬ್ಬರಿಗೆ, ನೀವೂ ಆ ಸಹಿ ಹಿಂದಕ್ಕೆ ತಗೊಂಡ್ಬಿಡಿ, ಯಾರಿಗೂ ಏನೂ ಆಗಲ್ಲ. ಯಾರಿಗೂ ಅಂದರೆ ಒಬ್ಬಳನ್ನು ಬಿಟ್ಟು. ಅವಳು ತಂಗಿಗೆ ಫೋನು ಮಾಡಿದಳು. ಸುಮ್ಮನೆ ಒಂದು ಮಾತು ಹೇಳಲಿ, ಅಕ್ಕ ನನಗೆ ಭಯವಾಯ್ತು, ಅಕ್ಕ ನನಗೆ ಆ ಕುರ್ಚಿ ಬೇಕು, ಹೇಳಿಬಿಡಲಿ, ಬೈದು ಸುಮ್ಮನಾಗುತ್ತೇನೆ, ಎತ್ತಿ ಬೆಳೆಸಿದವಳಿಗೆ ಅಷ್ಟೂ ಅರ್ಥವಾಗುವುದಿಲ್ಲವೇ, ರಿಂಗಾಗುತ್ತಿದೆ, ಎತ್ತಿದಳು. ಎಲ್ಲಿದೀಯೇ. ಬಸ್ಸಲ್ಲಿದೀನಿ ಅಕ್ಕ. ಯಾವ ಬಸ್ಸು. ಅದೇ, ಸೇತುವೆ ಹತ್ರ, ಸಿಕ್ಕಾಪಟ್ಟೆ ಟ್ರಾಫಿಕ್ಕು, ಬರ್ತಿದೀನಿ ಅಕ್ಕ, ದಾರೀಲಿದೀನಿ. ಹಿಂದೆ ಬಸ್ಸಿನ ಸದ್ದಿಲ್ಲ, ಹಾರನ್ನಿಲ್ಲ, ಜನರಿಲ್ಲ, ತಣ್ಣನೆಯ ಕೋಣೆಯ ಗುಂಯ್ ಅನ್ನುವ ಸದ್ದು, ಅದರ ಆಚೆ, ದೂರದಲ್ಲಿ, ರೋಲರ್ ಉಸಿರು ಬಿಡುವ ಸದ್ದು, ಬುಸ್ಸ್, ಅವಳು ಅದನ್ನು ನಿದ್ದೆಯಲ್ಲೂ ಗುರುತಿಸುತ್ತಾಳೆ. ಸರಿ ಪುಟ್ಟಿ, ಹುಷಾರಾಗಿ ಬಾ, ಅಂತ ಇಟ್ಟಳು. ಹುಷಾರಾಗಿ ಬಾ ಅಂದಳು! ಮಂಗ ಮಾಡಿದವಳಿಗೆ ಹುಷಾರಾಗಿ ಬಾ ಅಂತ ಹಾರೈಕೆ ಬೇರೆ. ಕೈ ಕೊಟ್ಟಳು. ಕೈ ಕೊಡು ಕೈ ಕೊಡು ಅಂತ ಇಷ್ಟು ವರ್ಷ ಕೂಗಿದ್ದಕ್ಕೆ ಕೊನೆಗೂ ಕೊಟ್ಟಳು, ಸುಟ್ಟ ಕೈಯನ್ನೇ ಕೊಟ್ಟಳು, ಅವಳಿಗೆ ನಗು ಬಂತು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಪಕ್ಕದ ಮುದುಕ ನೀರಿನ ಬಾಟಲಿ ಮುಂದೆ ಹಿಡಿದ, ಬೇಡ ಅಪ್ಪಾಜಿ, ಏನಿಲ್ಲ, ಕಣ್ಣಿಗೆ ಕಸ.

ಆಗ ಹೊಳೆಯಿತು, ಹೊಳೆಯಬಾರದಿತ್ತು. ಅವಳೂ ಒತ್ತಿದ್ದಾಳಲ್ಲ. ಎಲ್ಲರಿಗಿಂತ ಮೊದಲು ಒತ್ತಿದ್ದು ಅವಳೇ, ದಾರಿ ತೋರಿಸಲಿಕ್ಕೆ, ಎಂಟು ಗಂಟೆ. ಅವಳಿಗೆ ಅವರು ಕಾಣುವ ಹಾಗೆ ಅವರಿಗೂ ಅವಳು ಕಾಣುತ್ತಿದ್ದಾಳೆ, ಆ ತಣ್ಣನೆಯ ಕೋಣೆಯಲ್ಲಿ, ಮೂರು ಫೋನುಗಳಲ್ಲಿ, ಬೆಳಗಿನಿಂದ — ಅವಳು ತನ್ನ ಫೋಟೊ ಹಾಕಿಕೊಂಡವಳಲ್ಲ, ಮುಖವಿಲ್ಲದ ಬೂದು ಬಿಲ್ಲೆ — ಅದು ಬಸ್ಸು ಹತ್ತಿದ್ದು, ಇಳಿದದ್ದು, ಕಚೇರಿಯ ಬಾಗಿಲು ತೆರೆಯುವ ಮೊದಲೇ ಬಂದು ಗೇಟಿನ ಹತ್ತಿರ ಅತ್ತಿತ್ತ ನಡೆದದ್ದು, ಬೆಂಚಿನಲ್ಲಿ ಕೂತದ್ದು, ಕೂತೇ ಇರುವುದು, ಎಲ್ಲ ನೋಡಿದ್ದಾರೆ. ನೋಡುತ್ತಲೇ ಎಡಕ್ಕೆ ತಿರುಗಿದರು. ಮ್ಯಾನೇಜರಿಗೂ ತೋರಿಸಿರಬಹುದು, ರೇಡಿಯೊಗೆ ತೋರಿಸದೆ ಇರಲಾಗುವುದಿಲ್ಲ, ಇಲ್ಲೇ ಕೂತಿದಾಳೆ ಸಾರ್ ನೋಡಿ, ಪಾಪ. ಪಾಪ ಅಂದಿರುತ್ತಾಳೆ, ಅದು ಎಲ್ಲಕ್ಕಿಂತ ಹೆಚ್ಚು ಉರಿಯುತ್ತದೆ. ಅಷ್ಟರಲ್ಲಿ ರೇಡಿಯೊದ ಬಿಲ್ಲೆ ಆರಿತು, ದೀಪ ಆರಿದ ಹಾಗೆ, ಇತ್ತು, ಇಲ್ಲ. ಅವರಿಗೂ ಹೊಳೆದಿದೆ. ದೊಡ್ಡಮ್ಮನದು ಇನ್ನೂ ಸ್ವಲ್ಪ ಹೊತ್ತು ಇತ್ತು, ಪಾಪ, ಹೇಗೆ ನಿಲ್ಲಿಸಬೇಕೆಂದು ಅವಳಿಗೆ ಹೇಳಿಕೊಟ್ಟಿರಲಿಲ್ಲ, ಹಂಚುವುದನ್ನು ಮಾತ್ರ ಹೇಳಿಕೊಟ್ಟಿದ್ದು, ಯಾರೋ ಫೋನು ಕಸಿದುಕೊಂಡು ಒತ್ತಿರಬೇಕು, ಅದೂ ಆರಿತು. ತಂಗಿಯದು ಉಳಿಯಿತು. ಈಗ ಆರುತ್ತದೆ, ಈಗ. ಆರಲಿಲ್ಲ. ಮರೆತಿದ್ದಾಳೋ, ಎಡಗೈಯಲ್ಲಿ ಒತ್ತಲಾಗುತ್ತಿಲ್ಲವೋ, ಇಲ್ಲ, ಬೇಕೆಂದೇ ಬಿಟ್ಟಿದ್ದಾಳೆ, ಬಾಯಲ್ಲಿ ಹೇಳಲಾಗದ್ದನ್ನು ಹೀಗೆ ಹೇಳುತ್ತಿದ್ದಾಳೆ, ಅಕ್ಕ, ನೋಡಿಕೋ, ನಾನು ಇಲ್ಲಿದ್ದೇನೆ, ನನ್ನನ್ನು ಕೇಳಬೇಡ — ಹಾಗಿದ್ದರೆ ಬಸ್ಸು ಯಾಕೆ, ಟ್ರಾಫಿಕ್ಕು ಯಾಕೆ, ನಿಜವೋ ಸುಳ್ಳೋ, ಎರಡರಲ್ಲಿ ಒಂದು ಹೇಳೇ ಹುಡುಗಿ, ಎರಡನ್ನೂ ಹೇಳಬೇಡ. ನಾಳೆ ಅವಳನ್ನು ಗೇಟಿನ ಒಳಗೆ ಬಿಡುವುದಿಲ್ಲ, ಅದು ಖಂಡಿತ, ಸುಳ್ಳು ಅರ್ಜಿ ಹಾಕಿದವಳು ಅಂತ ಹೆಸರು. ಅದು ಹೋಗಲಿ. ಕೈಕಾಲು ಗಟ್ಟಿಯಿದೆ, ಎಲ್ಲಾದರೂ ದುಡಿದು ತಿನ್ನುತ್ತಾಳೆ. ಸರಳು ಹಾಗೇ ಮೂಲೆಯಲ್ಲಿ ಬಿದ್ದಿರುತ್ತದೆ, ರೋಲರಿನ ಮುಂದೆ ನಾಳೆ ಇನ್ಯಾರೋ ನಿಲ್ಲುತ್ತಾರೆ, ಗಾಜಿನ ಆಚೆ ಕೂತು ತಂಗಿ ಚೀಟಿ ಕೊಡುತ್ತಿರುತ್ತಾಳೆ.

ಲಾಂಡ್ರಿಯವರು, ಅಂತ ಜವಾನ ಕೂಗಿದ. ಅವಳು ಎದ್ದಳು, ಬೆಂಚು ವಾಲಿತು, ಮುದುಕ ಹಿಡಿದುಕೊಂಡ. ಒಬ್ರೇನಾ, ಉಳಿದವರು ಎಲ್ಲಿ. ಅವಳು ಬಾಯಿ ತೆರೆದಳು, ಬರಲ್ಲ ಸಾರ್, ನನ್ನ ತಂಗಿ ನನಗೆ ಮೋಸ ಮಾಡಿದಳು, ಅಷ್ಟೇ ಹೇಳಬೇಕಾದದ್ದು, ಮಾತು ನಾಲಿಗೆಯ ಮೇಲೇ ಇದೆ. ಕೈ ಸುಟ್ಕೊಂಡಿರೋದು ನೀವೇನಾ. ನಾನೇ ಅನ್ನಬೇಕೆನಿಸಿತು ಒಂದು ಕ್ಷಣ, ಅದರಲ್ಲಿ ಸುಳ್ಳೇನಿದೆ. ಅಲ್ಲ ಸಾರ್, ನನ್ನ ತಂಗಿ. ಎಲ್ಲಿ ಅವರು. ದಾರೀಲಿದಾಳೆ ಸಾರ್, ಅಂದಳು ಅವಳು, ಸೇತುವೆ ಹತ್ರ ಟ್ರಾಫಿಕ್ಕು, ಬಂದ್ಬಿಡ್ತಾಳೆ, ತಂಗಿಯ ಮಾತು ಅಕ್ಷರಕ್ಕೆ ಅಕ್ಷರ ಅವಳ ಬಾಯಿಂದ ಬಂತು, ಅದೇ ದನಿಯಲ್ಲಿ, ಜವಾನ ನಂಬಿದ, ಮೇಡಂ ಐದು ನಿಮಿಷ ಕಾಯ್ತಾರೆ ಅಂತೆ, ಬೇಗ ಬರೋಕೆ ಹೇಳಿ. ಬಾಗಿಲು ಮುಚ್ಚಿತು. ಅವಳು ಫೋನು ನೋಡಿದಳು. ಬೂದು ಗೆರೆಗಳ ನಡುವೆ ಒಂದೇ ಬಿಲ್ಲೆ, ಅಲುಗಾಡದೆ, ಮ್ಯಾನೇಜರನ ಕೋಣೆಯ ಮೇಲೆ, ಹಿಗ್ಗಿಸಿದಳು, ತಂಗಿ ನಗುತ್ತಿದ್ದಾಳೆ, ಅಂಚಿನಲ್ಲಿ ಕೆಂಪು ಹರಳು, ಕೂದಲು, ಕಿವಿ, ತಂಗಿಯ ಬಾಯಿಗೆ ಎಷ್ಟು ಹತ್ತಿರ, ಏನು ಹೇಳುತ್ತಿದ್ದಾರೆ ಅಲ್ಲಿ ಅವಳ ಬಗ್ಗೆ, ತಂಗಿ ಏನನ್ನುತ್ತಿದ್ದಾಳೆ, ಅಳುತ್ತಿದ್ದಾಳೆಯೇ, ಒಂದು ಸಲವಾದರೂ ಅಕ್ಕ ಅಂದಳೇ, ಮತ್ತೆ ಹಿಗ್ಗಿಸಿದಳು, ಇನ್ನು ಹಿಗ್ಗುವುದಿಲ್ಲ, ಅವಳದೇ ಕಿವಿ ಆ ಕೋಣೆಯೊಳಗೆ ಇದೆ, ಅವರ ನಟ್ಟನಡುವೆ ಇದೆ, ಏನೂ ಕೇಳಿಸುತ್ತಿಲ್ಲ, ಕಿವಿ, ಕೆಂಪು ಹರಳು, ಕಿವಿ